ಹನ್ನೆರಡನೆಯ ಕುಣಿಕೆ

“ಯಾರೂ ಮುಟ್ಬೇಡಿ! ಉಸ್ರೂ ಜೋರಾಗಿ ಬುಡ್ಬೇಡಿ!”

ಪುಟ್ಟಲಕ್ಷ್ಮಿ ಕೂಗಿದ ಕೂಗಿಗೆ ಬ್ಯಾರನ್ನಿನ ತೊಲೆ ಮೇಲಿದ್ದ ಪಾರಿವಾಳಗಳು ಎದ್ದು ಹಾರಿ, ಎಚ್.ಡಿ. ಕೋಟೆ ದಾಟಿದ ಮೇಲೇ ಹಿಂದಿರುಗಿ ನೋಡಿದವು. ಹಂಪಾಪುರದಿಂದ ಎರಡು ಮೈಲಿ ಒಳಗಿನ ಆ ಹಳೇ ಬ್ಯಾರನ್ನಿನಲ್ಲಿ ಒಂದು ಕಾಲಕ್ಕೆ ಹೊಗೆಸೊಪ್ಪು ಬೇಯುತ್ತಿತ್ತು. ಈಗ ಅಲ್ಲಿ ಕಾರು ಕಂಪನಿಯವರ, ಇನ್ನೂ ಮಾರಾಟಕ್ಕೆ ಬಾರದ ಗುಟ್ಟಿನ ಕಾರು ನಿಂತಿತ್ತು. ಆಕಾರ ಯಾರಿಗೂ ತಿಳಿಯದಿರಲೆಂದು ಮೈತುಂಬ ಕಪ್ಪು ಬಿಳುಪು ಸುಳಿಸುಳಿ ಬಟ್ಟೆ. ಎರಡು ನಿಮಿಷ ದಿಟ್ಟಿಸಿ ನೋಡಿದರೆ ಬೆಳಿಗ್ಗೆ ತಿಂದ ಇಡ್ಲಿ ಕೂಡ ತಲೆ ತಿರುಗಿ ಬೀಳಬೇಕು, ಅಂಥ ಬಟ್ಟೆ.

ಆ ಬಟ್ಟೆ ಬಿಚ್ಚಿ ಯಾರೋ ಫೋಟೋ ತೆಗೆದಿದ್ದರು. ಫೋಟೋ ಪರದೇಶದ ಪತ್ರಿಕೆಯಲ್ಲಿ ಬಂದಿತ್ತು. ಅಪವಾದ ಡ್ರೈವರ್ ಮಂಟಯ್ಯನ ತಲೆಗೆ ಬಂದಿತ್ತು. ನಾಲ್ಕು ಗಂಟೆಗೆ ಪೊಲೀಸ್ ಜೀಪು ಬರಬೇಕಿತ್ತು.

ಈಗ ಮೂರು ಗಂಟೆ ಐದು ನಿಮಿಷ.

ಪುಟ್ಟಲಕ್ಷ್ಮಿ ಮುಂದಿನ ಚಕ್ರದ ಬಳಿ ಮಂಡಿಯೂರಿ, ಬಟ್ಟೆಯ ಅಂಚಿನ ಹಗ್ಗಕ್ಕೆ ಮೂಗು ತಾಗಿಸಿ ಕೂತಿದ್ದಳು. ಮೂವತ್ತು ವರ್ಷ ಹೊಗೆಸೊಪ್ಪು ಕಟ್ಟಿದವಳು. ಎಲೆ ಮೂಸಿ ಅದು ಯಾವ ಹೊಲದ್ದು, ಯಾವ ಸಾಲಿನದ್ದು, ನೀರು ಹಾಯಿಸಿದವನು ಅಂದು ಹೆಂಡತಿ ಜೊತೆ ಜಗಳವಾಡಿದ್ದನೋ ಇಲ್ಲವೋ ಎಂಬುದನ್ನೂ ಹೇಳುವ ಮೂಗು. ಕದ್ದ ಹೊಗೆಸೊಪ್ಪಿನ ಮೂಟೆಗಳನ್ನು ಹರಾಜು ಕಟ್ಟೆಯ ರಾಶಿಯಲ್ಲಿ ಗುರುತು ಹಿಡಿದುಕೊಟ್ಟ ದಿನದಿಂದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ನಾಲ್ಕೂ ತಾಲ್ಲೂಕಿನಲ್ಲಿ ಅವಳದೇ ಮಾತು. ಪುಟ್ಟಲಕ್ಷ್ಮಿ ಹುಡುಕಲು ಹೊರಟಳೆಂದು ಕಿವಿಗೆ ಬಿದ್ದರೆ ಕಳುವಾದ ಎಮ್ಮೆ ತಾನೇ ಹಗ್ಗ ಕಿತ್ತುಕೊಂಡು ಮನೆಗೆ ಬರುತ್ತಿತ್ತು. ಸುಳ್ಳಲ್ಲ, ಎರಡು ಎಮ್ಮೆ ಹಾಗೆ ಬಂದಿವೆ.

“ಅಮ್ಮ, ಹಗ್ಗದಲ್ಲಿ ಏನಿದೆ?” ಕಾಂತರಾಜು ಕೇಳಿದ. ಹೊಸ ಕಾರು ಓಡಿಸಿ ನೋಡುವ ಈ ಪರೀಕ್ಷಾ ಕೇಂದ್ರಕ್ಕೆಲ್ಲ ಅವನೇ ಮ್ಯಾನೇಜರು, ಕೆ.ಆರ್. ನಗರದ ಕಡೆಯವನು. ಬ್ಯಾರನ್ನಿನ ಬಾಗಿಲಿಗೆ ಬೇಕಾದರೆ ಇನ್ನೊಂದು ಅಂತಸ್ತು ಏರಿಸಬೇಕು, ಅಷ್ಟು ಉದ್ದ. ಮೂರು ದಿನದಿಂದ ನಿದ್ದೆಯಿಲ್ಲದ ಕಣ್ಣು. “ಕಂಪ್ಲೇಂಟ್ ಟೈಪಾಗಿದೆ. ಸಹಿ ಒಂದೇ ಬಾಕಿ.”

“ಸಹಿ ಎಲ್ಲಿಗೋಯ್ತದೆ ಬುಡಿ ಸಾರ್. ಫೋಟೋ ಕೊಡಿ ಇಲ್ಲಿ.”

ಫೋಟೋ ಕೊಟ್ಟವಳು ರೂಪಶ್ರೀ. ಕಾರನ್ನು ಪರದೇಶಗಳಲ್ಲಿ ಮಾರುವ ಹೊಣೆ ಹೊತ್ತವಳು. ಚಿಲಿ ದೇಶಕ್ಕೆ ಒಂದು ಹೆಸರು, ಇಂಡೊನೇಷ್ಯಾಕ್ಕೆ ಇನ್ನೊಂದು, ದಕ್ಷಿಣ ಆಫ್ರಿಕಾಕ್ಕೆ ಮತ್ತೊಂದು ಎಂದು ಒಂದೇ ಕೂಸಿಗೆ ಮೂರು ನಾಮಕರಣ ಮಾಡಿದವಳು. ಬಾಗಿಲು ಹಾಕಿದರೆ ಸದ್ದು ಹೇಗಿರಬೇಕು ಎಂದು ಮೂರು ದೇಶದ ಆರುನೂರು ಹೆಂಗಸರನ್ನು ಕೂರಿಸಿ ಬಾಗಿಲು ಬಡಿಸಿದ್ದಳಂತೆ. ಹೆಂಗಸರ ತೋಳು ಸೋತವು, ಬಾಗಿಲು ಸೋಲಲಿಲ್ಲ. ನಾಲ್ಕು ವರ್ಷದ ಆ ಬೆವರಿಗೆಲ್ಲ ಇನ್ನು ಹತ್ತೊಂಬತ್ತು ದಿನಕ್ಕೆ ಚಿಲಿಯಲ್ಲಿ ಮುಸುಕು ತೆಗೆಯುವುದಿತ್ತು. ಮುಸುಕು ಹಂಪಾಪುರದಲ್ಲೇ ಹೋಯಿತು.

“ಅಲ್ಲಿನ ಡೀಲರುಗಳು ಫೋನ್ ಎತ್ತುತ್ತಿಲ್ಲ” ಎಂದಳು ರೂಪಶ್ರೀ, ಸಣ್ಣ ದನಿಯಲ್ಲಿ. “ಹೀಗೇ ಆದರೆ ಈ ಕೇಂದ್ರವನ್ನೇ ಮುಚ್ಚುತ್ತಾರೆ. ಮೂವತ್ತು ಜನ ಡ್ರೈವರುಗಳು ಮನೆಗೆ.”

ಪುಟ್ಟಲಕ್ಷ್ಮಿ ಫೋಟೋವನ್ನು ಬೆಳಕಿಗೆ ಹಿಡಿದಳು. ಬಟ್ಟೆಯಿಲ್ಲದ ಕಾರು, ತೊಳೆದ ನೇರಳೆಹಣ್ಣಿನ ಹಾಗೆ. ಸ್ಟೇರಿಂಗು ಎಡಗಡೆ. ಆ ಸೀಟು ಹಿಂದಕ್ಕೆ, ತೀರ ಹಿಂದಕ್ಕೆ ಸರಿದಿತ್ತು. ಬಾನೆಟ್ಟಿನ ಮೇಲೆ ಅಂಗೈ ಅಗಲ ಬಿಸಿಲು.

“ಎಡಗಡೆ ಸ್ಟೇರಿಂಗಿನ ಗಾಡಿ ಇದೊಂದೇ ತಾನೆ?”

“ಒಂದೇ. ಚಿಲಿಯದು. ಸೋಮವಾರ ಸಂಜೆ ಬಂತು. ಬುಧವಾರ ಬೆಳಿಗ್ಗೆ ಫೋಟೋ ಹೊರಗೆ ಬಂತು. ಆಗಿನಿಂದ ಈ ಬಟ್ಟೆಯನ್ನು ಯಾರೂ ಮುಟ್ಟಿಲ್ಲ.”

“ಅಂಗಾರೆ ಮಂಗಳವಾರ ಹನ್ನೊಂದು ಗಂಟೆ” ಎಂದಳು ಪುಟ್ಟಲಕ್ಷ್ಮಿ, ಪಂಚಾಂಗ ಓದಿದ ಹಾಗೆ. “ಬ್ಯಾರನ್ ಗವಾಕ್ಷಿ ಬಿಸ್ಲು ನೆಲದ ಮಧ್ಯಕ್ಕೆ ಬೀಳಾದು ಅದೊಂದೇ ಒತ್ನಲ್ಲಿ. ಆ ಬಿಸ್ಲು ಬಿದ್ರೆ ನಾವು ಮಜ್ಜಿಗೆ ಕುಡೀತಿದ್ದೋ.”

“ಅದೇ ಹೊತ್ತಿಗೇ ಮಂಟಯ್ಯ ಓಡಿಸ್ತಿದ್ದ ಇನ್ನೊಂದು ಗಾಡಿ, ಬಲಗಡೆ ಸ್ಟೇರಿಂಗಿನದು, ಎರಡು ಕಿಲೋಮೀಟರ್ ಆಚೆ ಎಪ್ಪತ್ತು ನಿಮಿಷ ನಿಂತಿತ್ತು!” ಕಾಂತರಾಜು ಚಿಟಿಕೆ ಹೊಡೆದ. “ಎಂಜಿನ್ ಆಫ್. ಗಾಡಿಯ ಪೆಟ್ಟಿಗೆಯಲ್ಲಿ ದಾಖಲಾಗಿದೆ. ನಡೆದು ಬಂದು, ಫೋಟೋ ತೆಗೆದು, ನಡೆದು ಹೋಗೋಕೆ ಎಪ್ಪತ್ತು ನಿಮಿಷ ಸಾಲದಾ? ಬೀಗ ಒಡೆದಿಲ್ಲ. ಕೀ ಇರೋದು ಮೂರು. ನನ್ನ ಹತ್ತಿರ, ಮೇಡಂ ಹತ್ತಿರ, ಅವನ ಹತ್ತಿರ.”

ಮಂಟಯ್ಯ ಗೋಡೆಗೆ ಒರಗಿ ನಿಂತಿದ್ದ. ಕಾಡಂಚಿನ ಹಾಡಿಯವನು, ಕುಳ್ಳ, ಮಾತು ಕಮ್ಮಿ. ಗಾಡಿ ಓಡಿಸಲು ಕೂತರೆ ಸೀಟಿನ ಕೆಳಗಿನ ಸ್ಪ್ರಿಂಗು ಅವನ ಬೆನ್ನುಮೂಳೆಯ ಜೊತೆ ಮಾತಾಡುತ್ತಿತ್ತು. ಹಿಂದಿನ ಚಕ್ರದಲ್ಲಿ ಕೂದಲೆಳೆಯಷ್ಟು ಅಲುಗಾಟವಿದೆ ಎಂದು ಅವನು ಹೇಳಿದಾಗ ಕಂಪನಿಯ ಯಂತ್ರಗಳು ಇಲ್ಲ ಎಂದಿದ್ದವು. ಹದಿನೈದು ದಿನದ ಮೇಲೆ ಯಂತ್ರಗಳೇ ಹೌದೆಂದು ಒಪ್ಪಿಕೊಂಡವು. ಈ ಜಾತಿಯ ಕಾರುಗಳಿಗೆಲ್ಲ ‘ಗುಬ್ಬಿ’ ಎಂದು ಹೆಸರಿಟ್ಟವನೂ ಅವನೇ. ರೂಪಶ್ರೀಯ ಮೂರು ಹೆಸರಿಗಿಂತ ಕೇಂದ್ರದಲ್ಲಿ ಅದೇ ನಡೆಯುತ್ತಿತ್ತು.

“ಯಾಕ್ ನಿಲ್ಸಿದ್ದೆ ಮಂಟಯ್ಯ?”

“ಆನೆ ಅಕ್ಕ.”

“ಸಾಕ್ಷಿಗೆ ಆನೆ ಕರೆಸ್ತಾನಂತೆ!” ಕಾಂತರಾಜು ನಗಲು ನೋಡಿದ. ನಗು ಬರಲಿಲ್ಲ.

ಪುಟ್ಟಲಕ್ಷ್ಮಿ ಎದ್ದಳು. ಸೊಂಟ ಹಿಡಿದುಕೊಂಡು ಎದ್ದ ಆ ಏಳುವಿಕೆಗೆ ನೆಲ ಒಂದು ಗೇಣು ಮೇಲೆದ್ದು ಮತ್ತೆ ಕೂತಿತು.

“ಸಾರ್, ಈ ಬಟ್ಟೆ ಅಂಚಿಗೆ ಹನ್ನೆರ್ಡು ಕಬ್ಬಿಣದ ಬಳೆ. ನಿಮ್ಮೋರು ಎಂಗೆ ಕಟ್ತೀರಿ?”

“ಒಂದೊಂದು ಬಳೆಗೂ ಎರಡೆರಡು ಗಂಟು, ಬಿಗಿಯಾಗಿ.”

“ಇಲ್ಲಿ ಗಂಟೇ ಇಲ್ಲ ನೋಡಿ. ಒಂದೇ ಹಗ್ಗ ಉದ್ದುಕ್ಕೂ ಬಂದದೆ. ಒಂದು ಸುತ್ತು ಆಕಡೆ, ಒಂದು ಸುತ್ತು ಈಕಡೆ. ಹೊಗೆಸೊಪ್ಪಿನ ಕೋಲ್ಗೆ ಎಲೆ ಕಟ್ಟೋ ಕುಣಿಕೆ ಇದು! ಕೊನೇಲಿ ಒಂದೆಳೆತ ಎಳುದ್ರೆ ಇಡೀ ಕೋಲು ಸರಸರ ಬಿಚ್ಕತದೆ.”

ಎಲ್ಲರೂ ಬಗ್ಗಿ ನೋಡಿದರು. ಹಗ್ಗ ಬಳೆಯಿಂದ ಬಳೆಗೆ ಜಡೆ ಹೆಣೆದ ಹಾಗೆ ಹೋಗಿತ್ತು. ಇಷ್ಟು ಅಚ್ಚುಕಟ್ಟಿನ ಕಳ್ಳನನ್ನು ಭೂಮಂಡಲದ ಪೊಲೀಸರು ನೋಡಿರಲಿಕ್ಕಿಲ್ಲ. ಆದರೆ ಈ ಸೀಮೆಯ ಕೈಗಳೇ ಹಾಗೆ. ಬಿಚ್ಚಿದ್ದನ್ನು ಬಿಚ್ಚಿದ ಹಾಗೆ ಬಿಟ್ಟು ಬರಲು ಅವಕ್ಕೆ ಬರುವುದಿಲ್ಲ. ಕಟ್ಟಿದರೆ ಬ್ಯಾರನ್ನಿನ ಕುಣಿಕೆಯನ್ನೇ ಕಟ್ಟುತ್ತವೆ. ತಲೆಗೆ ಗೊತ್ತೇ ಆಗುವುದಿಲ್ಲ.

“ಇನ್ನೊಂದದೆ. ಎಲ್ರೂ ಬಲಕ್ಕೆ ಸುತ್ತು ತಗೀತಾರೆ. ಇದು ಎಡಕ್ಕೆ ತೆಗೆದದೆ.” ಪುಟ್ಟಲಕ್ಷ್ಮಿ ಕೈ ಝಾಡಿಸಿದಳು. “ಹನ್ನೊಂದು ಕುಣಿಕೆ ನೋಡ್ದೆ. ಹನ್ನೆರಡ್ನೇದು ಗೋಡೆ ಸಂದೀಲದೆ, ನನ್ ಮೈಗೆ ಅಲ್ಲಿ ಜಾಗ ಇಲ್ಲ. ಇರ್ಲಿ. ನಾಲ್ಕು ಹಗ್ಗ ತನ್ನಿ. ನೀವು, ಮೇಡಮ್ಮೋರು, ಮಂಟಯ್ಯ, ಆಮೇಲೆ... ಅವಳ್ನೂ ಕರೀರಿ.”

ಅವಳು ಎಂದರೆ ರುಕ್ಮಿಣಮ್ಮ. ಬ್ಯಾರನ್ನಿನ ಒಡತಿ, ಕೇಂದ್ರಕ್ಕೆ ಅಡುಗೆಯವಳು. ಒಂದು ಕೋಳಿಯ ವಿಷಯಕ್ಕೆ ಇಬ್ಬರಿಗೂ ಏಳು ವರ್ಷದಿಂದ ಮಾತಿಲ್ಲ. ಕೋಳಿ ಸತ್ತು, ಸಾರಾಗಿ, ಆ ಸಾರು ಉಂಡವರಲ್ಲಿ ಇಬ್ಬರು ಕಾಲವಾಗಿ, ಜಗಳ ಮಾತ್ರ ದಿನೇ ದಿನೇ ದಪ್ಪಗಾಗುತ್ತಿತ್ತು.

“ನನ್ ಬ್ಯಾರನ್ನಿಗೆ ನಂಗೇ ಕೀ ಇಲ್ಲ. ನನ್ನೇನು ಕೇಳೀರಿ?” ರುಕ್ಮಿಣಮ್ಮ ಸೌಟು ಹಿಡಿದೇ ಬಂದು, ಗೋಡೆಗೆ ಹೇಳಿದಳು.

“ಕೋಳಿ ಕದಿಯೋ ಕೈಗೆ ಕೀ ಯಾಕಂತೆ, ಕೇಳ್ರಿ ಸಾರ್” ಎಂದಳು ಪುಟ್ಟಲಕ್ಷ್ಮಿ, ಇನ್ನೊಂದು ಗೋಡೆಗೆ.

“ಅಮ್ಮ, ಟೈಮಾಗ್ತಿದೆ!”

ನಾಲ್ಕು ಹಗ್ಗ, ನಾಲ್ಕು ಕೋಲು ಬಂದವು. ಪುಟ್ಟಲಕ್ಷ್ಮಿ ನಡುವೆ ನಿಂತಳು.

“ಎಲ್ರೂ ಕಟ್ಟಿ. ಸುಮ್ನೆ ಕಟ್ಟಂಗಿಲ್ಲ. ಕಟ್ತಾ ಕಟ್ತಾ ಮಂಗಳವಾರ ಹನ್ನೊಂದ್ರಲ್ಲಿ ಎಲ್ಲಿದ್ರಿ ಅಂತ ಹೇಳ್ತಾ ಇರ್ಬೇಕು. ಬಾಯಿ ಸುಳ್ಳೇಳ್ಬೋದು. ಬಾಯಿ ಕಡೆ ಗಮನ ಇರೋವಾಗ ಕೈಗೆ ಸುಳ್ಳೇಳಾಕೆ ಬರಾಕಿಲ್ಲ.”

ರುಕ್ಮಿಣಮ್ಮ ಮೊದಲು. “ಒಲೆ ಮುಂದಿದ್ದೆ. ಹುರುಳಿ ಬಸ್ಸಾರು. ಮೂವತ್ತು ಜನಕ್ಕೆ” ಎನ್ನುವಷ್ಟರಲ್ಲಿ ಅವಳ ಕೋಲಿನ ಮೇಲೆ ಹತ್ತು ಕುಣಿಕೆ ಬಿದ್ದಿದ್ದವು. ಗುಂಡಗೆ, ಚೆಂದಗೆ, ಎಲ್ಲವೂ ಬಲಕ್ಕೆ. ಪುಟ್ಟಲಕ್ಷ್ಮಿಯ ಕಣ್ಣಲ್ಲಿ ಒಂದು ಗಳಿಗೆ ಹಳೆಯ ಗೆಳತಿಯ ಕೈಚಳಕದ ಮೆಚ್ಚುಗೆ ಮೂಡಿತು. ಕೂಡಲೇ ಅದನ್ನು ನುಂಗಿದಳು.

ರೂಪಶ್ರೀ ಶೂ ದಾರದ ಹಾಗೆ ಚಿಟ್ಟೆ ಕಟ್ಟಿದಳು. “ಚಿಲಿಯವರ ಜೊತೆ ವೀಡಿಯೊ ಕಾಲ್ ಮುಗಿಸಿ ಮಲಗಿದ್ದೆ. ಅಲ್ಲಿ ರಾತ್ರಿ, ಇಲ್ಲಿ ಹಗಲು. ನಾಲ್ಕು ವರ್ಷದಿಂದ ನನಗೆ ಎರಡೂ ಕಡೆ ನಿದ್ದೆಯಿಲ್ಲ.” ಮೂರನೆಯ ಚಿಟ್ಟೆ ಬಿಚ್ಚಿಹೋಯಿತು.

ಕಾಂತರಾಜು ಒಂದೊಂದನ್ನೂ ಎರಡು ಗಂಟು ಹಾಕಿ ಜಗ್ಗಿದ, ಕಬ್ಬಿನ ಹೊರೆ ಕಟ್ಟುವವರ ಹಾಗೆ. “ಹುಣಸೂರಿನ ಗ್ಯಾರೇಜಿನಲ್ಲಿದ್ದೆ” ಎಂದ. ಅಷ್ಟೇ. 

ಕೊನೆಗೆ ಮಂಟಯ್ಯ. ಹಗ್ಗ ಹಿಡಿದು ಕೂತ.

“ಯೋಳು ಮಂಟಯ್ಯ. ಆನೆ ಎಷ್ಟಿದ್ವು?”

“ಮೂರು. ತಾಯಿ, ಇನ್ನೊಂದು ಹೆಣ್ಣಾನೆ, ಒಂದು ಮರಿ.” ಕೈ ನಿಧಾನವಾಗಿ ಓಡತೊಡಗಿತು. “ಮರಿ ರಸ್ತೆ ಮಧ್ಯ ಮಲ್ಕಂಡ್ಬುಡ್ತು ಅಕ್ಕ. ಬಿಸ್ಲು ಕಾಯ್ಸಾಕೆ. ನಮ್ಮೋರು ಅಂಗೆ ಕಂಡ್ರೆ ಹಾರನ್ ಹೊಡ್ಯಾಕಿಲ್ಲ, ಇಂದಕ್ಕೂ ತಗ್ಯಾಕಿಲ್ಲ. ಎಂಜಿನ್ ಆಫ್ ಮಾಡಿ, ಗಾಜು ಏರ್ಸಿ, ಕಣ್ಣು ತಗ್ಗಿಸ್ಕಂಡು ಕೂರಾದು. ದಾರಿ ಅವುರ್ದು, ನಾವು ನೆಂಟ್ರು ಅಂತ ನಮ್ಮಜ್ಜ ಯೋಳ್ತಿದ್ದ. ತಾಯಿ ಬಂದು ನಾನಿದ್ದ ಗುಬ್ಬೀನ ಮೂಸ್ತು. ಬಟ್ಟೆ ಮ್ಯಾಲೆ ಸೊಂಡ್ಲು ಆಡಿಸ್ತು. ನಂಗೆ ಏನನ್ಸ್ತು ಗೊತ್ತಾ? ಇದ್ಕೆ ಈ ಸುಳಿಸುಳಿ ಬಟ್ಟೆ ಕಂಡು ತಲೆ ತಿರುಗಿ ನನ್ ಮ್ಯಾಲೇ ಬಿದ್ದುಬುಟ್ರೆ?”

ರೂಪಶ್ರೀ ನಕ್ಕುಬಿಟ್ಟಳು. ಕಾಂತರಾಜುವಿನ ತುಟಿಯೂ ಅಲುಗಿತು.

“ಆಮೇಲೆ?”

“ಮರಿ ಎದ್ದು ಮೈ ಮುರುದು ಓಯ್ತು. ನಾನು ಮ್ಯಾನೇಜರ್ ಸಾರ್ಗೆ ಬರ್ಕೊಟ್ಟೆ. ಪರದೇಸದೋರ್ಗೆ ಈ ಗಾಡಿ ಮಾರೋವಾಗ ಇದ್ನೂ ಯೋಳಿ, ಆನೆ ಮೂಸಿ ಒಪ್ಕಂಡದೆ ಅಂತ.”

ಕೈ ನಿಂತಿತು. ಕೋಲಿನ ಮೇಲೆ ಬಿದ್ದಿದ್ದು ಕುಣಿಕೆಯಲ್ಲ. ಒಂದರೊಳಗೊಂದು ಹೊಕ್ಕ ಗಟ್ಟಿ ಗಂಟುಗಳು. ಪುಟ್ಟಲಕ್ಷ್ಮಿ ಅದನ್ನು ಎರಡೂ ಕೈಯಲ್ಲಿ ಎಳೆದಳು. ನಾಲ್ಕು ಜೋಡಿ ಎತ್ತು ಕಟ್ಟಿ ಎಳೆದರೂ ಬಿಚ್ಚುವ ಹಾಗಿರಲಿಲ್ಲ.

“ಇದೇನಪ್ಪಾ?”

“ಜೇನು ಕೀಳೋ ಏಣಿ ಗಂಟು ಅಕ್ಕ. ಭಾರ ಬಿದ್ದಷ್ಟೂ ಬಿಗೀತದೆ. ಬಿಚ್ಕಳೋ ಗಂಟು ನಮ್ಗೆ ಬರಾಕಿಲ್ಲ. ಬಿಚ್ಕಂಡ್ರೆ ನೂರಡಿ ಮರದಿಂದ ಕೆಳೀಕೆ ಬೀಳಾದು ನಾವೇ ಅಲ್ವಾ.”

 ಮೇಲಿಂದ ಒಂದು ಪಾರಿವಾಳದ ಗರಿ ಉದುರಿದ ಸದ್ದು ಮೈಸೂರಿನವರೆಗೂ ಕೇಳಿಸಿತು.

“ನೋಡಿ ಸಾರ್” ಎಂದಳು ಪುಟ್ಟಲಕ್ಷ್ಮಿ. ದನಿಯಲ್ಲಿ ಈಗ ತಮಾಷೆಯಿರಲಿಲ್ಲ. “ಇವ್ನು ಹುಟ್ದಾಗಿಂದ ಬಿಚ್ಚದ ಗಂಟು ಕಲ್ತೋನು. ಬಟ್ಟೆ ಕಟ್ಟಿರೋನು ಎಳುದ್ರೆ ಬಿಚ್ಚೋ ಗಂಟು ಕಲ್ತೋನು. ಇವ್ನ ಕೈ ಅಲ್ಲ ಅದು. ಇವ್ನ ಹೆಸರು ಬರ್ಕಂಡು ಜೀಪಿಗೆ ಹತ್ಸುದ್ರೆ, ನಾಳೆ ನಿಮ್ ಗುಬ್ಬೀಲಿ ಚಕ್ರ ಅಲುಗ್ತಾ ಅದೆ ಅಂತ ಯೋಳೋರು ಯಾರು?”

ಕಾಂತರಾಜು ಬಹಳ ಹೊತ್ತು ಮಂಟಯ್ಯನ ಏಣಿಗಂಟನ್ನು ನೋಡಿದ. ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಟೈಪಾಗಿದ್ದ ಹಾಳೆಯಲ್ಲಿ ಮಂಟಯ್ಯನ ಹೆಸರನ್ನು ಉದ್ದಕ್ಕೆ ಹೊಡೆದುಹಾಕಿದ.

“ಕ್ಷಮಿಸು ಮಂಟಯ್ಯ.”

“ಅಯ್ಯೋ, ಇರ್ಲಿ ಬುಡಿ ಸಾರ್.” ಮಂಟಯ್ಯ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಬೆವರೊಂದನ್ನೇ ಒರೆಸಿದ್ದಲ್ಲ.

“ಆದರೆ ಹಾಳೆ ಖಾಲಿ ಕಳಿಸೋ ಹಾಗಿಲ್ಲ ಅಮ್ಮ. ಹೆಡ್ ಆಫೀಸಿನವರು ಒಂದು ಹೆಸರು ಕೇಳ್ತಾರೆ. ಎಡಕ್ಕೆ ಕುಣಿಕೆ ಹಾಕೋ ಕೈ ಯಾರದು?”

“ಹನ್ನೆರಡ್ನೇದು ನೋಡ್ಬುಟ್ಟು ಯೋಳ್ತೀನಿ. ಕೊನೇ ಕುಣಿಕೇಲೇ ಮನ್ಸನ ಗುರುತಿರಾದು.”

“ನಾನು ತಳ್ತೀನಿ ಇರಕ್ಕ” ಎಂದ ಮಂಟಯ್ಯ. ಎದೆಯ ಮೇಲಿನ ಬಂಡೆ ಇಳಿದವನ ಉತ್ಸಾಹ ಅದು. ಗಾಡಿಗೆ ಹೆಗಲು ಕೊಟ್ಟ. ಗುಬ್ಬಿ ಮೂರಡಿ ಮುಂದಕ್ಕೆ ಉರುಳಿತು.

ಗೋಡೆಯ ಸಂದಿಗೆ ಬೆಳಕು ಬಿತ್ತು.

ಪುಟ್ಟಲಕ್ಷ್ಮಿ ಬಗ್ಗಿ ನೋಡಿದಳು. ಕೊನೆಯ ಬಳೆ. ಎಡಕ್ಕೆ ತೆಗೆದ ಕುಣಿಕೆ. ಹಗ್ಗದ ತುದಿಯನ್ನು ಎಲ್ಲರಂತೆ ನೇತಾಡಲು ಬಿಡದೆ, ಹೆಬ್ಬೆರಳಿನಿಂದ ಒಳಕ್ಕೆ ಮಡಚಿ ಸಿಕ್ಕಿಸಿದ್ದರು.

ಅವಳ ಹೆಬ್ಬೆರಳು ತಾನಾಗಿಯೇ ಹೋಗಿ ಆ ಮಡಿಕೆಯ ಮೇಲೆ ಕೂತಿತು. 

ಆ ಮಡಿಕೆ ಅವಳದೇ. ಅವಳೇ ಕಂಡುಹಿಡಿದದ್ದು, ಅವಳೇ ಒಬ್ಬನಿಗೆ ಕಲಿಸಿದ್ದು. ಹದಿನಾಲ್ಕು ವರ್ಷದ ಹಿಂದೆ, ರಾವಂದೂರಿನ ತವರಿನ ಬ್ಯಾರನ್ನಿನ ಮೇಲಿಂದ ಬಿದ್ದು ಬಲಗೈ ಮುರಿದುಕೊಂಡವನಿಗೆ, “ಎಡಗೈಲೇ ಕಟ್ಟಿ, ನಾನ್ ಕಲಿಸ್ತೀನಿ” ಎಂದು ಪಕ್ಕದಲ್ಲಿ ಕೂತು, ಕೈ ಮೇಲೆ ಕೈ ಇಟ್ಟು ಕಲಿಸಿದ್ದಳು. ತುದಿ ಸಡಿಲವಾಗುತ್ತದೆಂದು ಹೆಬ್ಬೆರಳಿನ ಮಡಿಕೆಯನ್ನೂ ಹೇಳಿಕೊಟ್ಟಿದ್ದಳು. ಆ ಕೈ ಆಮೇಲೆ ಸರಿಹೋಯಿತು. ಅಭ್ಯಾಸ ಮಾತ್ರ ಎಡಕ್ಕೇ ಉಳಿಯಿತು.

“ಅಮ್ಮ? ಯಾರ ಕೈ?”

“ಐದು ನಿಮ್ಸ ಕೊಡಿ ಸಾರ್. ನೀರು ಕುಡ್ಕಂಡು ಬತ್ತೀನಿ.”

ಹೊರಗೆ ಹುಣಸೆಮರದ ಕೆಳಗೆ ಸ್ಕೂಟರು ನಿಂತಿತ್ತು. ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದ ಕನಕರಾಜು, ಹೆಲ್ಮೆಟ್ ಹಾಕಿಕೊಂಡೇ, ಸೀಟಿನ ಹಿಂದೆ ಹಸಿಹುಲ್ಲಿನ ಹೊರೆ ಬಿಗಿಯುತ್ತಿದ್ದ. ಒಂದು ಸುತ್ತು ಆ ಕಡೆ. ಒಂದು ಸುತ್ತು ಈ ಕಡೆ. ಎಡಕ್ಕೆ. ತುದಿಯನ್ನು ಹೆಬ್ಬೆರಳಿನಿಂದ ಒಳಕ್ಕೆ.

“ಹುಲ್ಲು ಎಲ್ಲೀದು?”

“ಇಲ್ಲೇ... ಬದಿನಲ್ಲಿ.”

“ರುಕ್ಮಿಣಿ ಹೊಲದ್ ಬದಿನಲ್ಲಿ.”

ಕನಕರಾಜು ಹೆಲ್ಮೆಟ್ಟಿನೊಳಗೇ ಕೆಮ್ಮಿದ.

“ಮಂಗಳವಾರ ಸಾಲಿಗ್ರಾಮಕ್ಕೆ ನಿಮ್ ಷಡ್ಕನ ಮನೆಗೋಗ್ತೀನಿ ಅಂದ್ರಿ. ಹೋಗಿದ್ರಾ?”

“ಲಕ್ಷ್ಮೀ...”

“ಹೋಗಿದ್ರಾ ಅಂದೆ.”

“ಇಲ್ಲ ಕಣೆ. ನೀನು ಅವಳ ಕೂಡೆ ಮಾತಾಡಾಕಿಲ್ಲ, ನಮ್ ಹಸುಗೆ ಇಲ್ಲಿ ಹುಲ್ಲು ಬುಟ್ರೆ ಇನ್ನೆಲ್ಲೂ ಇಲ್ಲ. ಕೋಳಿ ಜಗಳ ನಿಮ್ಮಿಬ್ರುದು, ಹಸ ಏನ್ ತಪ್ಪು ಮಾಡ್ತು? ವಾರಕ್ಕೊಂದ್ಸಲ ಬಂದು ಕುಯ್ಕಂಡು ಓಯ್ತಿದ್ದೆ.” ಅವನ ದನಿ ಇಳಿಯಿತು. “ಅವತ್ತು ಬ್ಯಾರನ್ ಬಾಗ್ಲು ತೆಗ್ದಿತ್ತು. ಇಣುಕಿ ನೋಡ್ದೆ. ಆಗ್ಲೇ ಬಟ್ಟೆ ನೆಲದ ಮೇಲಿತ್ತು ಕಣೆ, ನನ್ನಾಣೆ. ಎಡಗಡೆ ಸೀಟು ತೀರ ಹಿಂದಕ್ಕೆ ತಳ್ಕಂಡು, ಫೋನು ತೊಡೆ ಮೇಲಿಟ್ಕಂಡು ಒಬ್ರು ಕೂತಿದ್ರು. ಸ್ಟೇರಿಂಗ್ ತಬ್ಕಂಡು ಅಳ್ತಿದ್ರು. ಮಕ್ಳ ಹಂಗೆ ಬಿಕ್ಕಿ ಬಿಕ್ಕಿ.”

“ಯಾರು?”

“ನನ್ನ ಕಂಡು ಇಳುದ್ರು. ಕೈ ಮುಗುದ್ರು. ಯಾರ್ಗೂ ಯೋಳ್ಬೇಡಿ ಅಂದ್ರು. ಅವರ ಕೈಲಿ ಬಟ್ಟೆ ಎತ್ತಾಕೂ ಆಗ್ಲಿಲ್ಲ. ನೀವು ಹೋಗಿ, ನಾನ್ ಕಟ್ತೀನಿ ಅಂದೆ. ಕಟ್ದೆ.”

“ಯಾರು ಅಂತ ಕೇಳ್ದೆ ನಾನು!”

“ಮಾತು ಕೊಟ್ಟಿವ್ನಿ ಕಣೆ.”

“ನಿಮ್ ಮಾತಿಗೆ ಬೆಂಕಿ ಬೀಳ! ಆ ಕುಣಿಕೆ ನಿಮ್ದು ಅಂತ ನಾನು ಒಳಗೋಗಿ ಯೋಳ್ಬೇಕು. ಇಲ್ದಿದ್ರೆ ಮಂಟಯ್ಯನ ಹೆಸರೇ ತಿರ್ಗಾ ಬೀಳ್ತದೆ.”

“ಯೋಳು ಮತ್ತೆ” ಎಂದ ಕನಕರಾಜು, ಮೆಲ್ಲಗೆ. “ಮಂಟಯ್ಯ ಯಾಕೆ ಸಾಯ್ಬೇಕು? ನನ್ ಕೈ ಬಗ್ಗೆ ನಿಜ ಯೋಳು. ಅವರ ಕಣ್ಣೀರಿನ ಬಗ್ಗೆ ನನ್ ಬಾಯಿಂದ ಬರಾಕಿಲ್ಲ.”

ಬೆನ್ನ ಹಿಂದೆ ಒಣ ಎಲೆ ಸದ್ದಾಯಿತು.

ಕಾಂತರಾಜು ಹಾಳೆಯನ್ನು ಒಂದು ರಟ್ಟಿನ ಮೇಲಿಟ್ಟುಕೊಂಡು ನಿಂತಿದ್ದ. ಪಕ್ಕದಲ್ಲಿ ರೂಪಶ್ರೀ. ಕಾಂತರಾಜು ಗಂಡಹೆಂಡಿರನ್ನು ನೋಡುತ್ತಿರಲಿಲ್ಲ. ಅವನ ದೃಷ್ಟಿ ಹುಲ್ಲಿನ ಹೊರೆಯ ಮೇಲೆ, ಸಾಲಾಗಿ ಎಡಕ್ಕೆ ತಿರುಗಿದ ಕುಣಿಕೆಗಳ ಮೇಲೆ ನೆಟ್ಟಿತ್ತು.

“ಸಿಕ್ಕಿತು” ಎಂದ. ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. ಪೆನ್ನನ್ನು ಹಾಳೆಗೆ ಊರಿದ. “ಈತ ಯಾರಮ್ಮ? ಪೂರ್ತಿ ಹೆಸರು ಹೇಳಿ.”

ಪುಟ್ಟಲಕ್ಷ್ಮಿ ಗಂಡನನ್ನು ಮರೆಮಾಡಿ ಮುಂದೆ ಬಂದು ನಿಂತಳು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

ದೂರದಲ್ಲಿ, ರಾಗಿ ಹೊಲದ ತಿರುವಿನಲ್ಲಿ, ಜೀಪಿನ ಧೂಳು ಎದ್ದಿತು.

ಕನಕರಾಜು ಹೊರೆಯ ಮೇಲಿಂದ ಕೈ ತೆಗೆದ. ಗದ್ದದ ಕೆಳಗಿನ ಪಟ್ಟಿ ಬಿಚ್ಚಿ ಹೆಲ್ಮೆಟ್ಟನ್ನು ತಲೆಯಿಂದ ಎತ್ತಿದ.

“ಕನಕರಾಜು ಅಂತ ಸಾರ್. ಬರ್ಕಳಿ.”

ಕಾಂತರಾಜು ತಲೆಯೆತ್ತಿ, ಮಂಗಳವಾರ ಬ್ಯಾರನ್ನಿನ ಬಾಗಿಲಲ್ಲಿ ಇಣುಕಿದ್ದ ಆ ಮುಖವನ್ನು ನೋಡಿದ. ಪೆನ್ನು ಹಾಳೆಯ ಮೇಲೆ ಊರಿದ್ದಲ್ಲೇ ನಿಂತಿತು. ಒಂದಕ್ಷರವೂ ಮೂಡಲಿಲ್ಲ. ಊರಿದ ಜಾಗದಲ್ಲಿ ಮಸಿ ಮಾತ್ರ ಮೆಲ್ಲಗೆ ಹರಡಿಕೊಳ್ಳುತ್ತಿತ್ತು. ಕನಕರಾಜು ಅವನನ್ನೇ ನೋಡುತ್ತ, ಯಾವ ದೂರೂ ಇಲ್ಲದ ದನಿಯಲ್ಲಿ ಮತ್ತೊಮ್ಮೆ ಹೇಳಿದ:

“ಬರ್ಕಳಿ ಸಾರ್. ನಾನೇನೂ ಯೋಳಿಲ್ಲ.”